ಆರನೇ ಪುಟ, ಕೆಳಗಡೆ

ಗುರುವಾರ ಬೆಳಿಗ್ಗೆ ಬ್ರೆಡ್ಡಿನ ಚೀಲದ ಜೊತೆಗೇ
ಬಾಗಿಲಿಗೆ ಬೀಳುತ್ತದೆ ನಮ್ಮೂರ ವಾರಪತ್ರಿಕೆ.
ಎಂಟೇ ಪುಟ. ಮೊದಲನೆಯದು ಪುರಸಭೆಗೆ, ಕೊನೆಯದು ಫುಟ್‌ಬಾಲಿಗೆ,
ನಡುವೆ ಸತ್ತವರು, ಕಪ್ಪು ಚೌಕಟ್ಟಿನಲ್ಲಿ, ಮದುವೆಯ ಕೋಟು ತೊಟ್ಟು.
ಜಾಗ ಉಳಿದರೆ
ಆರನೇ ಪುಟದ ಕೆಳಗಡೆ ಕಲೆ.
ಆ ವಾರ ಯಾರೂ ಸಾಯದಿದ್ದರೆ ನಮ್ಮ ನಾಟಕಕ್ಕೆ ಒಂದು ಫೋಟೋ ಕೂಡ.

ಬರೆಯುವವನು ಬೆಲ್ಮೀರು.
ಹಗಲು ಕಾರ್ಕ್ ಕಾರ್ಖಾನೆಯಲ್ಲಿ ಬಿರಡೆ ಎಣಿಸುವ ಗುಮಾಸ್ತ.
ಅವನ ವಿಮರ್ಶೆಗೆ ಅಳತೆಯಿದೆ: ಹನ್ನೊಂದು ಸೆಂಟಿಮೀಟರ್.
ಊರ ಬ್ಯಾಂಡಿಗೂ ಅಷ್ಟೇ,
ಮೀನಂಗಡಿಯ ಗ್ರಾಸಿಯೇತ್ ಮೇಜುಬಟ್ಟೆಯ ಮೇಲೆ ಬಿಡಿಸಿದ
ನೀಲಿ ಕತ್ತೆಗಳ ಪ್ರದರ್ಶನಕ್ಕೂ ಅಷ್ಟೇ.
‘ಸಭಿಕರು ಕಿಕ್ಕಿರಿದಿದ್ದರು’ ಅಂತ ಶುರು,
‘ಊರಿಗೇ ಹೆಮ್ಮೆ’ ಅಂತ ಮುಕ್ತಾಯ.
ಒಂದು ಮಳೆಯ ರಾತ್ರಿ ಕಿಕ್ಕಿರಿದವರು ಒಂಬತ್ತು,
ಅವನನ್ನೂ ಅವನ ಒದ್ದೆ ಕೊಡೆಯನ್ನೂ ಸೇರಿಸಿ.

ನಾನು ದಿಯೊಲಿಂದ.
ಮೂವತ್ತೊಂದು ವರ್ಷದಿಂದ ಅಗ್ನಿಶಾಮಕ ದಳದ ಸಭಾಂಗಣದಲ್ಲಿ
ರಂಗದ ಮುಂದಿನ ಗುಂಡಿಯೊಳಗೆ ಕೂತು ಮಾತು ಎತ್ತಿಕೊಡುವವಳು.
‘ಪೋಂತು’ ಅನ್ನುತ್ತಾರೆ ನಮ್ಮಲ್ಲಿ. ಚುಕ್ಕೆಗೂ ಅದೇ ಹೆಸರು.
ತಲೆಯ ಮೇಲೆ ಮರದ ಗೂಡು, ಎದುರಿಗೆ ಚಿಟಿಕೆಯಷ್ಟು ಬಲ್ಬು,
ಮೊಣಕಾಲ ಮೇಲೆ ಹಸ್ತಪ್ರತಿ.

ಮುಖಕ್ಕಿಂತ ಬೂಟುಗಳು ಗೊತ್ತು ನನಗೆ.
ಯಾರ ಹಿಮ್ಮಡಿ ಅಲುಗಿದರೆ ಯಾವ ಸಾಲು ಜಾರುತ್ತಿದೆಯೆಂದು ಗೊತ್ತು.
ಬೀಳುವ ಮುನ್ನ, ಉಸಿರಿನಷ್ಟೇ ದನಿಯಲ್ಲಿ, ಮೊದಲ ಶಬ್ದ.
ಸಾಕು. ಉಳಿದದ್ದು ಅವರ ನಾಲಿಗೆಯಲ್ಲೇ ಇರುತ್ತದೆ.

ಚೆನ್ನಾಗಿ ಮಾಡಿದರೆ ನನ್ನ ಕೆಲಸ ಯಾರಿಗೂ ಕೇಳಿಸುವುದಿಲ್ಲ.
ಹಾಗಾಗಿ ಬಿಸ್ಕತ್ತಿನ ಡಬ್ಬಿಯಲ್ಲಿ ಕತ್ತರಿಸಿಟ್ಟ
ಅಷ್ಟೊಂದು ಹನ್ನೊಂದು ಸೆಂಟಿಮೀಟರುಗಳಲ್ಲಿ ನಾನಿಲ್ಲ.
ಪರದೆ ಹೊಲಿದವಳಿದ್ದಾಳೆ,
ಕುರ್ಚಿ ಕಡ ಕೊಟ್ಟ ಹೋಟೆಲಿನವನಿದ್ದಾನೆ, ದಪ್ಪ ಅಕ್ಷರದಲ್ಲಿ.
ಗಂಡ ಬದುಕಿದ್ದಾಗ ಕೇಳುತ್ತಿದ್ದ,
ಅಲ್ಲ ಕಣೇ, ನೀನು ಹೋಗುವುದು ನಾಟಕಕ್ಕೇ ತಾನೆ?

ಹೋದ ನವೆಂಬರ್.
ಎರ್ಮೀನಿಯು, ಎಪ್ಪತ್ನಾಲ್ಕು, ನಿವೃತ್ತ ಪೋಸ್ಟ್‌ಮನ್,
ಊರಿನ ಪ್ರತಿ ಬಾಗಿಲ ನಂಬರೂ ಬಾಯಿಪಾಠ.
ಮೂರನೇ ಅಂಕ. ಮನೆ ಬಿಟ್ಟ ಮಗಳನ್ನು ಹೆಸರು ಹಿಡಿದು ಕರೆಯಬೇಕು.
ಕರೆಯಲಿಲ್ಲ.
ಮೊದಲ ಶಬ್ದ ಕೊಟ್ಟೆ. ಬೂಟು ಅಲುಗಲಿಲ್ಲ.
ಇಡೀ ಸಾಲು ಕೊಟ್ಟೆ.
ಬಗ್ಗಿ ನೋಡಿದ, ಗೂಡಿನೊಳಗೆ, ನನ್ನ ಮುಖವನ್ನೇ,
ಹೊಸ ಊರಿನಲ್ಲಿ ದಾರಿ ಕೇಳುವವನ ಹಾಗೆ.
ಸಭೆಯಲ್ಲಿ ಯಾರೋ ಕೆಮ್ಮಿದರು. ಯಾರೋ ಕೆಮ್ಮಿದವರನ್ನು ಗದರಿದರು.

ಆಗ ಓದಿದೆ, ಗಟ್ಟಿಯಾಗಿ.
ಅಂಕ ಮುಗಿಯುವವರೆಗೂ ಅಪ್ಪನ ಮಾತೆಲ್ಲ ನನ್ನ ಗಂಟಲಿನಲ್ಲಿ,
ನೆಲದಿಂದ.
ಅವನು ಕೈ ಆಡಿಸಿದ.
ಕೈಗಳು ಏನನ್ನೂ ಮರೆತಿರಲಿಲ್ಲ.

ಮರುದಿನ ಊರ ರೇಡಿಯೋದ ಹುಡುಗಿ, ಹವಾಮಾನಕ್ಕೂ ಮುಂಚೆ,
‘ತಾಂತ್ರಿಕ ಅಡಚಣೆಯ ನಡುವೆಯೂ’ ಅಂದಳು.
ನನಗೆ ನಗು ಬಂತು. ನಾನು ತಾಂತ್ರಿಕ ಅಡಚಣೆ.

ಗುರುವಾರ ಬ್ರೆಡ್ಡನ್ನು ಹೊರಗೇ ಬಿಟ್ಟು ಪತ್ರಿಕೆ ಎತ್ತಿಕೊಂಡೆ.
ಸುಳ್ಳು ಯಾಕೆ, ನನ್ನ ಹೆಸರಿಗಾಗಿಯೇ ಹುಡುಕಿದೆ.
‘ಸಭಿಕರು ಕಿಕ್ಕಿರಿದಿದ್ದರು.
ತಂದೆಯ ಪಾತ್ರದಲ್ಲಿ ಎರ್ಮೀನಿಯು ಎಂದಿನಂತೆ ಅಚ್ಚುಕಟ್ಟು.
ಊರಿಗೇ ಹೆಮ್ಮೆ.’
ಮತ್ತೆ ಓದಿದೆ. ಅಷ್ಟೇ.

ಕಾಫಿ ಅಂಗಡಿಯಲ್ಲಿ ಸಿಕ್ಕ ಬೆಲ್ಮೀರು ಸಕ್ಕರೆ ಕಲಕುತ್ತಲೇ ಇದ್ದ.
ಜಾಗ ಇರಲಿಲ್ಲ ದಿಯೊಲಿಂದ, ಅಂದ, ಕಪ್ಪಿನೊಳಗೆ ನೋಡುತ್ತ.

ಆ ವಾರ ಊರಿನಲ್ಲಿ ಯಾರೂ ಸತ್ತಿರಲಿಲ್ಲ.
ಮನೆಗೆ ಬಂದು ಸ್ಕೇಲು ಇಟ್ಟು ಅಳೆದೆ: ಒಂಬತ್ತು.
ಅದರ ಕೆಳಗೆ ಎರಡು ಸೆಂಟಿಮೀಟರ್
ಏನೂ ಇಲ್ಲ,
ಸಾಬೂನಿನ ಜಾಹೀರಾತೂ ಇಲ್ಲ.

ಕತ್ತರಿ ತಂದು
ಆ ಬಿಳಿಯನ್ನೂ ಸೇರಿಸಿ ಕತ್ತರಿಸಿದೆ.